ಇಂಗ್ಲೆಂಡಿನ ಹಳೇ ದೊಡ್ಡಮನೆಗಳ ಖಾಸಗಿ ತೋಟ ನೋಡಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕಿ. ತಾರಸಿ ಮೇಲೆ ಗಿಡ ಬೆಳೆಸುವ ಹುಚ್ಚು. ಈ ಸಲ ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ನಾನು, ನಮ್ಮ ಯಜಮಾನರು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮಗನ ಮನೆಯಲ್ಲಿ ಇರುತ್ತೇವೆ. ಲಂಡನ್, ಕ್ಯೂ ಗಾರ್ಡನ್ಸ್ ಎಲ್ಲ ಹಿಂದಿನ ಸಲವೇ ನೋಡಿದ್ದಾಯಿತು. ಈಗ ಜನ ಇನ್ನೂ ವಾಸ ಮಾಡುತ್ತಿರುವ ಹಳೇ ದೊಡ್ಡಮನೆಗಳ ತೋಟ ನೋಡುವ ಆಸೆ. ನಮ್ಮಂಥವರನ್ನು ಒಳಗೆ ಬಿಡುತ್ತಾರಾ? ಯಾವುದಕ್ಕೆ ಹೋಗಬೇಕು? ನನಗೆ ಮಂಡಿ ನೋವು ಇದೆ, ಜೊತೆಗೆ ಎಂಟು ವರ್ಷದ ಮೊಮ್ಮಗಳು ಇರುತ್ತಾಳೆ. ಒಂದೆರಡು ಕಡ್ಡಿ ಊರಿಗೆ ತಂದು ನೆಡಬಹುದಾ?

ಉತ್ತರ: ಖಂಡಿತ ಬಿಡುತ್ತಾರೆ ಮೇಡಂ. ಪರಿಚಯ ಬೇಕಿಲ್ಲ, ಶಿಫಾರಸು ಬೇಕಿಲ್ಲ. ಗೊತ್ತಿರಬೇಕಾದದ್ದು ಯಾವ ತೋಟದ ಗೇಟು ಯಾವ ದಿನ ತೆರೆದಿರುತ್ತದೆ ಅನ್ನುವುದು ಮಾತ್ರ. ನೀವು ಬರುವ ಆರು ವಾರಗಳಂತೂ ಇಡೀ ವರ್ಷದಲ್ಲೇ ಒಳ್ಳೆಯ ಕಾಲ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಇಲ್ಲಿ ದೊಡ್ಡಮನೆ ತೋಟ ಅಂದರೆ ಮೂರು ಥರ. ಒಂದು, ಈಗ ನ್ಯಾಷನಲ್ ಟ್ರಸ್ಟ್ ಥರದ ಸಂಸ್ಥೆಗಳ ಕೈಯಲ್ಲಿರುವುದು. ಈ ಟ್ರಸ್ಟ್ 1895ರಲ್ಲಿ ಶುರುವಾಯಿತು, ನೂರಾರು ಜಾಗಗಳನ್ನು ನೋಡಿಕೊಳ್ಳುತ್ತದೆ, ವಾರವೆಲ್ಲ ತೆರೆದಿರುವುದು ಜಾಸ್ತಿ, ಟೀ ಅಂಗಡಿ, ಪಾರ್ಕಿಂಗ್, ಶೌಚಾಲಯ ಎಲ್ಲ ಇರುತ್ತದೆ. ಎರಡು, ಹಳೇ ಮನೆತನದವರೇ ಇವತ್ತೂ ಅಲ್ಲಿ ಇದ್ದುಕೊಂಡು ವಾರದಲ್ಲಿ ಕೆಲವು ದಿನ ಜನರನ್ನು ಬಿಡುವ ಮನೆಗಳು. ಇಂಥವರದೇ ಒಂದು ಸಂಘ ಇದೆ, ಹಿಸ್ಟಾರಿಕ್ ಹೌಸಸ್ ಅಂತ. ಮೂರು, ವರ್ಷವಿಡೀ ಗೇಟು ಮುಚ್ಚಿದ್ದು, ಒಂದೋ ಎರಡೋ ದಿನ ಮಾತ್ರ ದಾನಕ್ಕಾಗಿ ತೆರೆಯುವ ಪೂರ್ತಿ ಖಾಸಗಿ ತೋಟಗಳು. ನಿಮ್ಮ ಮಗನ ಹತ್ತಿರ ನ್ಯಾಷನಲ್ ಟ್ರಸ್ಟ್ ಸದಸ್ಯತ್ವ ಇದ್ದರೆ ಅದು ಆ ಟ್ರಸ್ಟಿನ ಜಾಗಗಳಿಗೆ ಮಾತ್ರ ನಡೆಯುತ್ತದೆ. ಇದು ಗೊತ್ತಿಲ್ಲದೆ ಗೇಟಿನ ಹತ್ತಿರ ಕಾರ್ಡ್ ಹಿಡಿದು ನಿಲ್ಲುವವರು ತುಂಬ ಜನ.

ನೀವು ಕೇಳಿದ್ದು ಎರಡನೇ ಮತ್ತು ಮೂರನೇ ಥರದ್ದು. ನನ್ನನ್ನು ಕೇಳಿದರೆ ಮೂರನೇದರಿಂದಲೇ ಶುರು ಮಾಡಿ. ಗಿಡ ಬೆಳೆಸುವವರಿಗೆ ಅದಕ್ಕಿಂತ ಒಳ್ಳೆಯ ದಿನ ಇಂಗ್ಲೆಂಡಿನಲ್ಲಿ ಸಿಗುವುದಿಲ್ಲ.

ಅದರ ಹೆಸರು ನ್ಯಾಷನಲ್ ಗಾರ್ಡನ್ ಸ್ಕೀಮ್. ಹಿನ್ನೆಲೆ ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಿದ್ದರೆ ಒಳಗೆ ಹೋಗುವಾಗ ಸಂಕೋಚ ಆಗುವುದಿಲ್ಲ. ಇಲ್ಲಿ ಸರ್ಕಾರಿ ಆರೋಗ್ಯ ಸೇವೆ ಬಂದದ್ದು 1948ರಲ್ಲಿ. ಅದಕ್ಕೆ ಮುಂಚೆ ಬಡವರ ಮನೆ ಮನೆಗೆ ಹೋಗಿ ಶುಶ್ರೂಷೆ ಮಾಡುವ ನರ್ಸ್‌ಗಳ ವ್ಯವಸ್ಥೆ ದಾನದ ದುಡ್ಡಿನ ಮೇಲೇ ನಡೆಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆಯ ಸಮಿತಿಯಲ್ಲಿದ್ದ ಎಲ್ಸಿ ವ್ಯಾಗ್ ಅನ್ನುವವರು ಒಂದು ಸಲಹೆ ಕೊಟ್ಟರು: ಒಳ್ಳೆಯ ತೋಟ ಇರುವವರೆಲ್ಲ ಒಂದು ದಿನ ಗೇಟು ತೆರೆಯಲಿ, ತಲೆಗೆ ಒಂದು ಶಿಲ್ಲಿಂಗ್ ಇಸಿದುಕೊಳ್ಳಲಿ, ದುಡ್ಡು ನರ್ಸ್‌ಗಳಿಗೆ ಹೋಗಲಿ. 1927ರಲ್ಲಿ 609 ತೋಟಗಳು ತೆರೆದವು. 8,000 ಪೌಂಡ್‌ಗಿಂತ ಜಾಸ್ತಿ ಬಂತು. ಅವತ್ತಿನ ಲೆಕ್ಕದಲ್ಲಿ ಅದು ಬಹಳ ದೊಡ್ಡ ಮೊತ್ತ. ಈಗ ವರ್ಷಕ್ಕೆ 3,000ಕ್ಕೂ ಜಾಸ್ತಿ ತೋಟಗಳು ಹೀಗೆ ತೆರೆಯುತ್ತವೆ, ದುಡ್ಡು ಇವತ್ತಿಗೂ ನರ್ಸಿಂಗ್ ಮತ್ತು ಕ್ಯಾನ್ಸರ್ ರೋಗಿಗಳ ಆರೈಕೆ ಮಾಡುವ ಸಂಸ್ಥೆಗಳಿಗೇ ಹೋಗುತ್ತದೆ. ಇವತ್ತು ಜಗತ್ತೇ ಹೋಗಿ ನೋಡುವ ಸಿಸ್ಸಿಂಗ್‌ಹರ್ಸ್ಟ್ ತೋಟವನ್ನು ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಜನರಿಗೆ ಮೊದಲು ತೆರೆದದ್ದು 1938ರಲ್ಲಿ, ಇದೇ ಯೋಜನೆಯಡಿ.

ಅವರ ವೆಬ್‌ಸೈಟಿನಲ್ಲಿ ನಿಮ್ಮ ಮಗನ ಮನೆಯ ಪೋಸ್ಟ್‌ಕೋಡ್ ಹಾಕಿ, ದೂರ ಮತ್ತು ತಾರೀಕು ಕೊಟ್ಟರೆ ಆ ವಾರಾಂತ್ಯ ಸುತ್ತಮುತ್ತ ಯಾವ ಯಾವ ತೋಟ ತೆರೆದಿದೆ ಅಂತ ಬರುತ್ತದೆ. ಮೇ, ಜೂನ್‌ನ ಭಾನುವಾರಗಳಲ್ಲಿ ರೆಡಿಂಗ್ ಸುತ್ತ ಒಂದೂ ಸಿಗದೆ ಹೋಗುವುದು ಕಷ್ಟ. ಎಲ್ಲವೂ ದೊಡ್ಡಮನೆಗಳಲ್ಲ. ಹಳ್ಳಿಯ ಪುಟ್ಟ ಮನೆಯ ಹಿತ್ತಲೂ ಇರುತ್ತದೆ, ಅದನ್ನೂ ಬಿಡಬೇಡಿ. ಆದರೆ ಹಳೇ ಮನೆ ಬೇಕೆಂದರೆ ವಿವರಣೆಯಲ್ಲಿ ಮ್ಯಾನರ್, ಹಾಲ್, ಕೋರ್ಟ್, ಓಲ್ಡ್ ರೆಕ್ಟರಿ ಅನ್ನುವ ಹೆಸರುಗಳನ್ನು ಹುಡುಕಿ. ಪ್ರವೇಶ ಸಾಮಾನ್ಯವಾಗಿ 5ರಿಂದ 10 ಪೌಂಡ್ ಒಳಗೆ. ಮಕ್ಕಳಿಗೆ ಹೆಚ್ಚಿನ ಕಡೆ ಉಚಿತ. ರಸ್ತೆ ಪಕ್ಕ ಹಳದಿ ಬೋರ್ಡು ಹಾಕಿರುತ್ತಾರೆ, ಅದನ್ನೇ ಹಿಡಿದು ಹೋದರೆ ಯಾವುದೋ ಹುಲ್ಲುಗಾವಲಿನಲ್ಲಿ ಕಾರು ನಿಲ್ಲಿಸಲು ಜಾಗ ತೋರಿಸುತ್ತಾರೆ.

ಇದು ಯಾಕೆ ನಿಮಗೆ ಹೇಳಿ ಮಾಡಿಸಿದ ದಿನ ಅಂದರೆ, ಅವತ್ತು ತೋಟ ಮಾಡಿದವರು ಅಲ್ಲೇ ಇರುತ್ತಾರೆ. ಮನೆಯೊಡತಿಯೋ ಯಜಮಾನರೋ ಹೂಸಾಲಿನ ಪಕ್ಕ ನಿಂತಿರುತ್ತಾರೆ, ದೊಡ್ಡ ಮನೆಯಾದರೆ ಹೆಡ್ ಗಾರ್ಡನರ್ ಇರುತ್ತಾರೆ. ಅವರಿಗೆ ಬೇಕಾದದ್ದೇ ಯಾರಾದರೂ ಬಂದು ಕೇಳುವುದು. ಗುಲಾಬಿ ಎಲೆಗೆ ಕಪ್ಪು ಚುಕ್ಕೆ ರೋಗ ಬಂದರೆ ಏನು ಮಾಡುತ್ತೀರಿ, ಗೊಬ್ಬರ ಯಾವಾಗ ಹಾಕುತ್ತೀರಿ, ಬಸವನಹುಳಕ್ಕೆ ಏನು ಉಪಾಯ ಅಂತ ಕೇಳಿ ನೋಡಿ. ಹವಾಮಾನದ ಮಾತಿನಾಚೆ ಹೋಗದ ಇಂಗ್ಲಿಷರು ಗಿಡದ ವಿಷಯ ಬಂದರೆ ಅರ್ಧ ಗಂಟೆ ನಿಂತು ಮಾತಾಡುತ್ತಾರೆ. ನಿಮ್ಮ ಇಂಗ್ಲಿಷ್ ಬಗ್ಗೆ ಚಿಂತೆ ಬೇಡ. ನಿಮ್ಮ ಫೋನಿನಲ್ಲಿ ತಾರಸಿ ತೋಟದ ಒಂದಷ್ಟು ಫೋಟೋ ಇಟ್ಟುಕೊಂಡಿರಿ, ಅವರಿಗೂ ನೋಡುವ ಆಸೆ ಇರುತ್ತದೆ.

ಅಲ್ಲಿ ಟೀ, ಮನೆಯಲ್ಲೇ ಮಾಡಿದ ಕೇಕ್ ಮಾರುತ್ತಾರೆ, ಆ ದುಡ್ಡೂ ಸಾಮಾನ್ಯವಾಗಿ ದಾನಕ್ಕೇ. ನೀವು ಮೊಟ್ಟೆ ತಿನ್ನದವರಾದರೆ ಕೇಕ್‌ಗಳಲ್ಲಿ ಬಹುತೇಕ ಎಲ್ಲದರಲ್ಲೂ ಮೊಟ್ಟೆ ಇರುತ್ತದೆ ಅಂತ ತಿಳಿದಿರಿ, ಸ್ಕೋನ್ ಅನ್ನುವ ಪುಟ್ಟ ಬನ್ ಮೇಲೂ ಹೊಳಪಿಗೆ ಮೊಟ್ಟೆ ಸವರಿರಬಹುದು. ‘ವೀಗನ್’ ಅಂತ ಬರೆದಿದ್ದರೆ ಧೈರ್ಯವಾಗಿ ತಿನ್ನಿ. ಇಲ್ಲದಿದ್ದರೆ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ಈಗ ಹಳೇ ಮನೆತನಗಳ ತೋಟಕ್ಕೆ ಬರೋಣ. ಒಂದೇ ಒಂದು ನೋಡಲು ಸಾಧ್ಯ ಅಂದರೆ ನಾನು ಹೇಳುವುದು ರೌಷಮ್. ಆಕ್ಸ್‌ಫರ್ಡ್‌ನ ಉತ್ತರಕ್ಕಿದೆ. ಮನೆ ಕಟ್ಟಿದ್ದು 1635ರಲ್ಲಿ, ಅದೇ ಮನೆತನ ಇವತ್ತೂ ಅಲ್ಲಿದೆ. 1730ರ ದಶಕದ ಕೊನೆಯಲ್ಲಿ ವಿಲಿಯಂ ಕೆಂಟ್ ಅನ್ನುವ ಕಲಾವಿದ, ಜನರಲ್ ಡಾರ್ಮರ್ ಎಂಬ ಯಜಮಾನರಿಗಾಗಿ ಈ ತೋಟವನ್ನು ಈಗಿನ ರೂಪಕ್ಕೆ ತಂದರು. ವಿಶೇಷ ಏನೆಂದರೆ ಆಮೇಲೆ ಬಂದವರು ಯಾರೂ ಅದನ್ನು ಕಿತ್ತು ಬದಲಾಯಿಸಲಿಲ್ಲ. ಕೆಂಟ್ ಮಾಡಿದ ತೋಟಗಳಲ್ಲಿ ಇಷ್ಟು ಚೆನ್ನಾಗಿ ಉಳಿದದ್ದು ಇನ್ನೊಂದಿಲ್ಲ. ನಿಸರ್ಗದಂತೆಯೇ ಕಾಣುವ ಇಂಗ್ಲಿಷ್ ಲ್ಯಾಂಡ್‌ಸ್ಕೇಪ್ ತೋಟ ಅಂತ ಮುಂದೆ ಯುರೋಪಿನ ತುಂಬ ಹಬ್ಬಿತಲ್ಲ, ಅದರ ಹುಟ್ಟನ್ನು ಕಣ್ಣಾರೆ ನೋಡಬಹುದು.

ಹೂವಿನ ರಾಶಿ ನೋಡುವ ಲೆಕ್ಕದಲ್ಲಿ ಹೋಗಬೇಡಿ. ಅಲ್ಲಿರುವುದು ಹಸಿರು, ನೆರಳು, ನೀರು, ಕಲ್ಲು. ಮನೆಯ ಹಿಂದೆ ಅಗಲವಾದ ಹುಲ್ಲುಹಾಸು, ಅದರ ತುದಿಯಲ್ಲಿ ಕುದುರೆಯ ಮೇಲೆ ಎರಗಿದ ಸಿಂಹದ ಶಿಲ್ಪ. ಅಲ್ಲಿಂದ ಇಳಿಜಾರು ಚೆರ್ವೆಲ್ ನದಿಗೆ ಹೋಗುತ್ತದೆ. ಮರಗಳ ನಡುವೆ ಕಲ್ಲಿನಲ್ಲಿ ಕೊರೆದ ಕಿರುಕಾಲುವೆ ಹಾವಿನಂತೆ ಅಂಕುಡೊಂಕಾಗಿ ಹರಿದು ಎಂಟು ಮೂಲೆಯ ಒಂದು ಪುಟ್ಟ ಕೊಳಕ್ಕೆ ಸೇರುತ್ತದೆ. ಅಲ್ಲಿ ಸುಮ್ನೆ ಕೂತುಕೊಳ್ಳಿ. ಆಮೇಲೆ ತಲೆ ಎತ್ತಿ ನದಿಯಾಚೆ ನೋಡಿದರೆ ದೂರದ ಗುಡ್ಡದ ಮೇಲೆ ಪಾಳು ಕಟ್ಟಡದ ಕಮಾನುಗಳು ಕಾಣುತ್ತವೆ. ಅದು ಪಾಳಲ್ಲ, ನೋಟ ಅಲ್ಲಿಗೆ ಹೋಗಿ ನಿಲ್ಲಲಿ ಅಂತ ಬೇಕೆಂದೇ ಹಾಗೆ ಕಟ್ಟಿದ್ದು. ಯಾರದೋ ಹೊಲ, ನದಿ, ಗುಡ್ಡ ಎಲ್ಲ ತೋಟದ ಭಾಗವೇ ಆಗಿಬಿಡುತ್ತದೆ. ಮೇಯುವ ದನಗಳು ತೋಟದೊಳಗೇ ಇವೆ ಅನ್ನಿಸುತ್ತದೆ, ಹತ್ತಿರ ಹೋದರೆ ನಡುವೆ ಒಂದು ಕಂದಕ. ಬಂಡೀಪುರದ ಅಂಚಿನ ಊರುಗಳಲ್ಲಿ ಆನೆ ಬಾರದ ಹಾಗೆ ಕಂದಕ ತೋಡಿರುತ್ತಾರಲ್ವಾ, ಅದೇ ಉಪಾಯ, ಇಲ್ಲಿ ದನಕ್ಕೆ. ಇದಕ್ಕೆ ಹಾ-ಹಾ ಅಂತ ಹೆಸರು. ಬೇಲಿ ಕಣ್ಣಿಗೆ ಬೀಳುವುದಿಲ್ಲ, ದನ ಒಳಗೆ ಬರುವುದೂ ಇಲ್ಲ.

ಹೂವು ಬೇಕಾದರೆ ಮನೆ ಪಕ್ಕದ ಗೋಡೆಯೊಳಗಿನ ತೋಟಕ್ಕೆ ಹೋಗಿ. ಗುಲಾಬಿ, ಗೋಡೆಗೆ ಹಬ್ಬಿಸಿದ ಸೇಬಿನ ಮರ, 1685ರ ಪಾರಿವಾಳದ ಗೂಡುಮನೆ ಎಲ್ಲ ಅಲ್ಲೇ ಇವೆ.

ರೌಷಮ್‌ನಲ್ಲಿ ಟೀ ಅಂಗಡಿ ಇಲ್ಲ, ಸಾಮಾನಿನ ಅಂಗಡಿ ಇಲ್ಲ. ಮನೆಯವರಿಗೆ ಅದು ಬೇಡ, ನನಗೂ ಅದೇ ಸರಿ ಅನ್ನಿಸುತ್ತದೆ. ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಹೋಗಿ, ಅಲ್ಲಿ ಕೂತು ತಿನ್ನಬಹುದು. ಆದರೆ ನಿಮ್ಮ ಮಟ್ಟಿಗೆ ಒಂದು ಮುಖ್ಯ ವಿಷಯ: 15 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಮೊಮ್ಮಗಳು ಸ್ಕೂಲಿಗೆ ಹೋದ ದಿನ ನೀವಿಬ್ಬರೇ ಹೋಗಿ ಬನ್ನಿ. ರೆಡಿಂಗ್‌ನಿಂದ ಆಕ್ಸ್‌ಫರ್ಡ್‌ಗೆ ರೈಲು, ಅಲ್ಲಿಂದ ಹೇಫರ್ಡ್ ಅನ್ನುವ ಪುಟ್ಟ ಸ್ಟೇಷನ್. ಇಳಿದು ಸುಮಾರು ಒಂದೂವರೆ ಕಿಲೋಮೀಟರ್ ನಡೆದರೆ ತೋಟ. ಹೇಫರ್ಡ್‌ಗೆ ರೈಲು ಕಡಿಮೆ, ವಾಪಸು ಬರುವ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಮಂಡಿ ನೋವಿಗೆ ಮಗ ಕಾರಿನಲ್ಲಿ ಬಿಟ್ಟರೆ ಇನ್ನೂ ಒಳ್ಳೆಯದು, ಇಳಿಜಾರು ಇದೆ, ನಿಮ್ಮ ಶಕ್ತಿಯನ್ನು ಅದಕ್ಕೆ ಉಳಿಸಿಕೊಳ್ಳಬೇಕು.

ಎರಡನೆಯದು ಸೆಜಿನ್‌ಕೋಟ್. ಇದನ್ನು ಮೈಸೂರಿನವರು ನೋಡಲೇಬೇಕು ಅಂತ ನಾನು ಒತ್ತಾಯ ಮಾಡಿಯೇ ಹೇಳುತ್ತೇನೆ. ಕಾಟ್ಸ್‌ವೋಲ್ಡ್ ಬೆಟ್ಟಸಾಲಿನ ನಡುವೆ, ಓಕ್ ಮರಗಳ ಸಾಲು ದಾಟಿ ಹೋದರೆ ಮೊಘಲ್ ಶೈಲಿಯ ಒಂದು ಮನೆ, ಮೇಲೆ ಹಸಿರುಗಟ್ಟಿದ ತಾಮ್ರದ ಗುಮ್ಮಟ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕೆಲಸ ಮಾಡಿ ದುಡ್ಡು ಮಾಡಿ ಬಂದ ಚಾರ್ಲ್ಸ್ ಕಾಕರೆಲ್, 1805ರ ಹೊತ್ತಿಗೆ ತನ್ನ ಅಣ್ಣ, ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್ ಕೈಯಿಂದ ಕಟ್ಟಿಸಿದ್ದು. ತೋಟಕ್ಕೆ ಸಲಹೆ ಕೊಟ್ಟವರು ಥಾಮಸ್ ಡೇನಿಯಲ್. ಅವರು 1780ರ ದಶಕದಲ್ಲಿ ಭಾರತಕ್ಕೆ ಬಂದು ವರ್ಷಗಟ್ಟಲೆ ಸುತ್ತಾಡಿ ನಮ್ಮ ದೇವಸ್ಥಾನ, ಕೋಟೆಗಳ ಚಿತ್ರ ಬರೆದ ಕಲಾವಿದರು.

ತೋಟ ಒಂದು ಸಣ್ಣ ತೊರೆಯ ಉದ್ದಕ್ಕೂ ಇದೆ. ಮೇಲ್ಗಡೆ ಕೊಳದ ಪಕ್ಕ ಸೂರ್ಯನ ಗುಡಿ. ಅಲ್ಲಿಂದ ನೀರು ಹರಿದು ಒಂದು ಸೇತುವೆ ಕೆಳಗೆ ಹೋಗುತ್ತದೆ, ಸೇತುವೆ ಮೇಲೆ ಕೂತಿರುವುದು ನಮ್ಮ ನಂದಿಗಳು! ಇನ್ನೂ ಕೆಳಗೆ ಹೋದರೆ ಮರದ ಕಾಂಡಕ್ಕೆ ಸುತ್ತಿಕೊಂಡ ಮೂರು ಹೆಡೆಯ ಸರ್ಪ. ಚಾಮುಂಡಿ ಬೆಟ್ಟದ ನಂದಿ ನೋಡಿ ಬೆಳೆದವರಿಗೆ ಇವು ಪುಟ್ಟವು ಅನ್ನಿಸುತ್ತವೆ, ಆದರೂ ಆ ಚಳಿ ದೇಶದ ದೊಡ್ಡ ದೊಡ್ಡ ಎಲೆಯ ನೀರುಗಿಡಗಳ ನಡುವೆ ಅವನ್ನು ಕಂಡಾಗ ಆಗುವ ಭಾವನೆ ಬೇರೆಯೇ. ಜೂನ್ ಹೊತ್ತಿಗೆ ತೊರೆಯ ಇಕ್ಕೆಲದಲ್ಲಿ ಪ್ರಿಮ್ಯುಲಾಗಳು ಮಹಡಿ ಮಹಡಿಯಾಗಿ ಹೂ ಬಿಟ್ಟಿರುತ್ತವೆ. ಇಂಗ್ಲೆಂಡಿನ ರಾಜಕುಮಾರ 1807ರಲ್ಲಿ ಇಲ್ಲಿಗೆ ಬಂದು ಹೋದ ಮೇಲೆಯೇ ಬ್ರೈಟನ್‌ನ ಅವರ ಅರಮನೆಗೆ ಗುಮ್ಮಟ, ಮಿನಾರುಗಳು ಬಂದವು.

ಇದು ಈಗಲೂ ಖಾಸಗಿ ಮನೆ. ತೋಟ ತೆರೆಯುವುದು ವಾರದಲ್ಲಿ ಕೆಲವು ಮಧ್ಯಾಹ್ನ ಮಾತ್ರ, ಶನಿವಾರ ಹೋದರೆ ಗೇಟು ನೋಡಿಕೊಂಡು ಬರಬೇಕಾದೀತು. ರೆಡಿಂಗ್‌ನಿಂದ ಮೊರ್ಟನ್-ಇನ್-ಮಾರ್ಷ್‌ಗೆ ನೇರ ರೈಲು ಇದೆ, ಅಲ್ಲಿಂದ ಸುಮಾರು ನಾಲ್ಕು ಕಿಲೋಮೀಟರ್. ಟ್ಯಾಕ್ಸಿ ಹಿಂದಿನ ದಿನವೇ ಹೇಳಿಡಿ, ಹಳ್ಳಿ ಕಡೆ ಬೀದಿಯಲ್ಲಿ ಕೈ ತೋರಿಸಿದರೆ ಸಿಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ತೋಟಗಳ ಹಿಂದಿನ ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ತಿಳಿದೇ ನೋಡಿ. ನಿಮ್ಮ ಮಗನ ಮನೆ ಹತ್ತಿರವೇ ಎರಡು ಉದಾಹರಣೆ ಇವೆ. ಪ್ಯಾಂಗ್‌ಬೋರ್ನ್ ಪಕ್ಕದ ಬ್ಯಾಸಿಲ್ಡನ್ ಪಾರ್ಕ್ ಕಟ್ಟಿಸಿದ ಫ್ರಾನ್ಸಿಸ್ ಸೈಕ್ಸ್, ಬಂಗಾಳದಲ್ಲಿ ಕಂಪನಿ ನೌಕರಿಯಲ್ಲಿ ಐಶ್ವರ್ಯ ಮಾಡಿಕೊಂಡವನು. ಇನ್ನೊಂದು ಎಂಗಲ್‌ಫೀಲ್ಡ್, ಇವತ್ತೂ ಅದೇ ಬೆನ್ಯನ್ ಮನೆತನದ್ದು, ಆ ಮನೆತನದ ರಿಚರ್ಡ್ ಬೆನ್ಯನ್ 1735ರಿಂದ 1744ರವರೆಗೆ ಮದರಾಸಿನ ಗವರ್ನರ್ ಆಗಿದ್ದವನು. ಇನ್ನೆಷ್ಟೋ ಮನೆಗಳ ಹಿಂದೆ ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟದ ಗುಲಾಮರ ದುಡಿಮೆ ಇದೆ. 2020ರಲ್ಲಿ ನ್ಯಾಷನಲ್ ಟ್ರಸ್ಟ್ ತಾನೇ ಒಂದು ವರದಿ ತಂದು, ತನ್ನ ಕೈಯಲ್ಲಿರುವ 93 ಜಾಗಗಳಿಗೆ ವಸಾಹತು ಮತ್ತು ಗುಲಾಮಗಿರಿಯ ನಂಟಿದೆ ಅಂತ ಹೇಳಿತು. ಇಲ್ಲಿ ಅದರ ಬಗ್ಗೆ ದೊಡ್ಡ ಗಲಾಟೆಯೇ ಆಯಿತು. ನನ್ನ ಅಭಿಪ್ರಾಯ ಸರಳ: ತೋಟದ ಚೆಂದ ನಿಜ, ಈ ಇತಿಹಾಸವೂ ನಿಜ, ಎರಡನ್ನೂ ಒಟ್ಟಿಗೆ ನೋಡುವ ಹಕ್ಕು ನಮಗೆ ಬೇರೆಯವರಿಗಿಂತ ಜಾಸ್ತಿಯೇ ಇದೆ.

ಬ್ಯಾಸಿಲ್ಡನ್ ಪಾರ್ಕ್ ನ್ಯಾಷನಲ್ ಟ್ರಸ್ಟಿನದು, ಮಕ್ಕಳಿಗೆ ಓಡಾಡಲು ಜಾಗ ಬೇಕಾದಷ್ಟಿದೆ, ಮೊಮ್ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಎಂಗಲ್‌ಫೀಲ್ಡ್ ತೋಟ ವಾರದ ದಿನಗಳಲ್ಲಿ ತೆರೆಯುತ್ತದೆ, ಯಾವ ದಿನ ಅಂತ ನೋಡಿಕೊಂಡು ಮೇ ಕೊನೆಯೊಳಗೆ ಹೋಗಿ.

ಖಾಸಗಿಯವರು ಯಾಕೆ ತೆರೆಯುತ್ತಾರೆ ಅಂತ ನಿಮಗೆ ಅನ್ನಿಸಬಹುದು. ಒಂದು ಕಾರಣ ದುಡ್ಡು. ಅಂಥ ಮನೆಯ ಚಾವಣಿ ರಿಪೇರಿ ಅಂದರೇ ದೊಡ್ಡ ಮೊತ್ತ. ಕಳೆದ ಶತಮಾನದಲ್ಲಿ ತೆರಿಗೆ, ಖರ್ಚು ತಾಳಲಾರದೆ ನೂರಾರು ಮನೆಗಳನ್ನು ಕೆಡವಿಹಾಕಿದರು. ಇನ್ನೊಂದು ಕಾರಣ ಕಾನೂನು. ಐತಿಹಾಸಿಕ ಮಹತ್ವ ಇರುವ ಮನೆ, ತೋಟವನ್ನು ಚೆನ್ನಾಗಿ ಇಟ್ಟುಕೊಂಡು ಜನರಿಗೆ ನೋಡಲು ಬಿಡುವುದಾಗಿ ಒಪ್ಪಿಕೊಂಡರೆ, ಹಿರಿಯರಿಂದ ಬರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ವಿನಾಯಿತಿ ಸಿಗಬಹುದು. ಹಾಗಾಗಿ ಅವರ ಮನೆಗೆ ನುಗ್ಗಿದೆವಾ ಅನ್ನುವ ಅಳುಕು ಬೇಡ.

ಅಳುಕು ಬೇಡ, ಆದರೆ ಅದು ಮನೆ ಅನ್ನುವುದು ನೆನಪಿರಲಿ. ಕಿಟಕಿಯೊಳಗೆ ಇಣುಕಬೇಡಿ, ಕಿಟಕಿಗೆ ಫೋನು ಹಿಡಿದು ಫೋಟೋ ತೆಗೆಯಬೇಡಿ. ಹೂ ಕೀಳುವುದಂತೂ ಬೇಡ, ಬಿದ್ದ ಬೀಜ ಎತ್ತಿಕೊಳ್ಳುವುದೂ ಬೇಡ. ನಮ್ಮಲ್ಲಿ ಎಲೆ ಮುರಿದು ಮೂಸಿ ನೋಡುವ ಅಭ್ಯಾಸ ಇದೆ, ಇಲ್ಲಿ ಅದು ಅಪಾಯಕ್ಕೂ ದಾರಿ. ಬೇಲಿಯಾಗಿ ಎಲ್ಲೆಲ್ಲೂ ಬೆಳೆಸುವ ಯೂ ಗಿಡದ ಎಲೆ, ಬೀಜ ವಿಷ. ಜೂನ್‌ನಲ್ಲಿ ಗಂಟೆಯಾಕಾರದ ಹೂ ಬಿಡುವ ಫಾಕ್ಸ್‌ಗ್ಲವ್ ಪೂರ್ತಿ ವಿಷ. ನೀಲಿ ಟೋಪಿಯಂಥ ಹೂವಿನ ಮಾಂಕ್ಸ್‌ಹುಡ್ ಅಂತೂ ಮುಟ್ಟಲೇಬೇಡಿ. ಮೊಮ್ಮಗಳಿಗೂ ಹೇಳಿಡಿ.

ಮಂಡಿ ವಿಷಯ. ಗಾರ್ಡನ್ ಸ್ಕೀಮ್ ಪಟ್ಟಿಯಲ್ಲಿ ಗಾಲಿಕುರ್ಚಿಯ ಗುರುತು ಇದ್ದರೆ ತೋಟದ ಮುಖ್ಯ ಭಾಗಗಳಿಗೆ ಗಾಲಿಕುರ್ಚಿಯಲ್ಲೂ ಹೋಗಬಹುದು ಅಂತ ಅರ್ಥ. ಜಲ್ಲಿ ಹಾದಿ, ಒದ್ದೆ ಹುಲ್ಲು ಎರಡೂ ಇರುತ್ತವೆ, ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ಸೀರೆ ಉಡುವವರಾದರೆ ಸ್ವಲ್ಪ ಮೇಲಕ್ಕೆ ಉಡಿ, ಜೂನ್ ಆದರೂ ಒಂದು ಸ್ವೆಟರ್, ಮಳೆಗೆ ಒಂದು ಜಾಕೆಟ್ ಇರಲಿ. ಸಣ್ಣ ಖಾಸಗಿ ತೋಟಗಳಲ್ಲಿ ಶೌಚಾಲಯ ಇರದೆಯೂ ಇರಬಹುದು. ಇದನ್ನು ಮುಜುಗರಕ್ಕೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಯಾವ ವಾರ ಏನಿರುತ್ತದೆ ಅಂದರೆ, ಮೇ ಮಧ್ಯದಲ್ಲಿ ನೀವು ಇಳಿದಾಗ ಕಾಡಿನ ಬ್ಲೂಬೆಲ್ ಮುಗಿಯುತ್ತಿರುತ್ತದೆ, ಹಳೇ ಗೋಡೆಗಳ ಮೇಲೆ ವಿಸ್ಟೀರಿಯಾ ನೇರಳೆ ಗೊಂಚಲು ಬಿಟ್ಟಿರುತ್ತದೆ, ರೋಡೋಡೆಂಡ್ರನ್ ಇರುತ್ತದೆ. ಮೇ ಕೊನೆಗೆ ಐರಿಸ್, ಪಿಯೋನಿ. ಜೂನ್ ಎರಡನೇ ವಾರದಿಂದ ಗುಲಾಬಿ, ಅದರಲ್ಲೂ ವರ್ಷಕ್ಕೆ ಒಂದೇ ಸಲ ಹೂ ಬಿಡುವ ಹಳೇ ತಳಿಗಳು. ಅವುಗಳ ಪರಿಮಳ ನಮ್ಮ ಹೂವಿನಂಗಡಿಯ ಗುಲಾಬಿಗಳಲ್ಲಿ ಸಿಗುವುದೇ ಇಲ್ಲ. ಜೂನ್ ಕೊನೆಗೆ ಇಡೀ ದಿನ ಬಿಡುವಿದ್ದರೆ ಕಾಟ್ಸ್‌ವೋಲ್ಡ್ ಕಡೆಯ ಕಿಫ್ಟ್ಸ್‌ಗೇಟ್ ಕೋರ್ಟ್‌ಗೆ ಹೋಗಿ, ಅಜ್ಜಿ, ಮಗಳು, ಮೊಮ್ಮಗಳು ಹೀಗೆ ಮೂರು ತಲೆಮಾರಿನ ಹೆಂಗಸರು ಬೆಳೆಸಿದ ತೋಟ. ಅದೇ ಹೆಸರಿನ ಬಿಳಿ ಬಳ್ಳಿಗುಲಾಬಿ ಅಲ್ಲಿ ಮರಗಳನ್ನೇ ಏರಿ ನಿಂತಿದೆ. ಅದು ಪೂರ್ತಿ ಅರಳುವುದು ಜುಲೈ ಹೊತ್ತಿಗೆ, ನಿಮಗೆ ಶುರುವಿನ ಹೂಗಳು ಸಿಕ್ಕರೂ ಸಿಗಬಹುದು. ಕೆಳಗಿನ ಭಾಗ ಕಡಿದಾದ ಇಳಿಜಾರು, ನೀವು ಮೇಲಿನ ತೋಟ ನೋಡಿದರೆ ಸಾಕು. ಹೆಸರಾಂತ ಹಿಡ್‌ಕೋಟ್ ತೋಟ ಅಲ್ಲೇ ಪಕ್ಕದಲ್ಲಿದೆ, ಆದರೂ ಎರಡನ್ನೂ ಒಂದೇ ದಿನ ಮಾಡಬೇಡಿ. ದಿನಕ್ಕೆ ಒಂದೇ ತೋಟ ಅನ್ನುವ ನಿಯಮ ಇಟ್ಟುಕೊಳ್ಳಿ, ಎರಡನೇ ತೋಟದಲ್ಲಿ ಕಾಲು ನೋಯುತ್ತದೆ, ಕಣ್ಣಿಗೆ ಏನೂ ಹತ್ತುವುದಿಲ್ಲ.

ಚಾಟ್ಸ್‌ವರ್ತ್ ಅನ್ನುವ ಹೆಸರಾಂತ ದೊಡ್ಡಮನೆಯ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಡರ್ಬಿಷೈರ್‌ನಲ್ಲಿದೆ, ರೆಡಿಂಗ್‌ನಿಂದ ಹೋಗಿ ಅದೇ ದಿನ ಬರುವುದು ನಿಮಗೆ ತುಂಬ ದಣಿವು. ಉತ್ತರದ ಕಡೆ ಎರಡು ದಿನ ಹೋಗುವುದಾದರೆ ಮಾತ್ರ ಸೇರಿಸಿಕೊಳ್ಳಿ. 1830ರ ದಶಕದಲ್ಲಿ ಅಲ್ಲಿನ ಹೆಡ್ ಗಾರ್ಡನರ್ ಜೋಸೆಫ್ ಪ್ಯಾಕ್ಸ್‌ಟನ್ ಗಾಜಿನ ಮನೆಯಲ್ಲಿ ಬೆಳೆದ ಬಾಳೆಗೆ ಯಜಮಾನರ ಮನೆತನದ ಹೆಸರು ಬಂತು, ಕ್ಯಾವೆಂಡಿಷ್. ನಮ್ಮ ಮಾರುಕಟ್ಟೆಯ ಜಿ-9 ಆ ಗುಂಪಿನದೇ. ಮುಂದೆ ಲಂಡನ್‌ನಲ್ಲಿ 1851ರ ಕ್ರಿಸ್ಟಲ್ ಪ್ಯಾಲೇಸ್ ಅನ್ನುವ ದೊಡ್ಡ ಗಾಜಿನ ಕಟ್ಟಡದ ವಿನ್ಯಾಸ ಮಾಡಿದವರೂ ಇದೇ ಪ್ಯಾಕ್ಸ್‌ಟನ್, ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ ಅದೇ ಸ್ಫೂರ್ತಿ.

ಕೊನೆಗೆ ಕಡ್ಡಿಯ ಪ್ರಶ್ನೆ. ತರಬೇಡಿ ಮೇಡಂ. ಭಾರತಕ್ಕೆ ಗಿಡ, ಕಡ್ಡಿ, ಗೆಡ್ಡೆ, ಬೀಜ ಯಾವುದೇ ತರಬೇಕಾದರೂ ಮೊದಲೇ ಆಮದು ಪರವಾನಗಿ ಬೇಕು, ಇಂಗ್ಲೆಂಡಿನ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಸೂಟ್‌ಕೇಸಿನಲ್ಲಿ ಮುಚ್ಚಿಟ್ಟು ತಂದರೆ ಅದರ ಜೊತೆ ಬರುವ ರೋಗ, ಹುಳ ನಮ್ಮ ರೈತರ ಹೊಲಕ್ಕೆ ಹೋಗುತ್ತದೆ. ತೋಟದ ದಿನಗಳಲ್ಲಿ ಹೆಚ್ಚಿನ ಕಡೆ ಗಿಡ ಮಾರುವ ಮೇಜು ಇರುತ್ತದೆ, ಅಲ್ಲಿ ಕೊಂಡು ಮಗನ ಹಿತ್ತಲಲ್ಲಿ ಮೊಮ್ಮಗಳ ಕೈಯಿಂದ ನೆಡಿಸಿ. ನಿಮ್ಮ ತಾರಸಿಗೆ ಬೇಕಾದರೆ ಇಷ್ಟವಾದ ಗಿಡದ ಪೂರ್ತಿ ಹೆಸರು, ತಳಿಯ ಹೆಸರು ಸಮೇತ ಬರೆದುಕೊಳ್ಳಿ. ಪಿಯೋನಿ, ಡೆಲ್ಫಿನಿಯಂ ಥರದವಕ್ಕೆ ಚಳಿ ಬೇಕು, ಮೈಸೂರಿನಲ್ಲಿ ಒದ್ದಾಡುತ್ತವೆ, ಆಸೆ ಬಿಡಿ. ಸಾಲ್ವಿಯಾ, ಕಾಸ್ಮೋಸ್, ಡೇಲಿಯಾ, ಹಾಲಿಹಾಕ್, ನಸ್ಟರ್ಶಿಯಂ ಚೆನ್ನಾಗಿ ಬರುತ್ತವೆ, ಬೀಜ, ಗೆಡ್ಡೆ ನಮ್ಮ ನರ್ಸರಿಗಳಲ್ಲೇ ಸಿಗುತ್ತವೆ. ಮಳೆ ಕಡಿಮೆಯಾದ ಮೇಲೆ ಬಿತ್ತಿ.